ಅಗ್ಗದ ಗಿಟಾರ್‌ನಿಂದ ದುಬಾರಿ ಗಿಟಾರ್‌ನ ದನಿ: ಮೊದಲು ಏನು ಬದಲಿಸಬೇಕು?

ಮಂಗಳೂರಿನ ಅಂಗಡಿಯಿಂದ ಎಲೆಕ್ಟ್ರಿಕ್ ಗಿಟಾರ್ ಕೊಂಡು ರೈಲಿನಲ್ಲಿ ಕುಂಬಳೆಗೋ ಕಾಸರಗೋಡಿಗೋ ತರುವ ಹುಡುಗರು ಕೆಲವೇ ತಿಂಗಳಲ್ಲಿ ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಇದಕ್ಕೆ ಒಳ್ಳೆ ಪಿಕಪ್ ಹಾಕಿದ್ರೆ ದೊಡ್ಡ ಫೆಂಡರ್ ಥರ ಕೇಳ್ತದಾ?"

ಬಹುಮಟ್ಟಿಗೆ ಕೇಳುತ್ತದೆ. ಆದರೆ ಪಿಕಪ್‌ನಿಂದ ಶುರು ಮಾಡಬೇಡಿ. ಅದು ಕೊನೆಯ ಕೆಲಸ.

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿ ಅಲುಗುವುದನ್ನು ಪಿಕಪ್‌ನ ಅಯಸ್ಕಾಂತ ಮತ್ತು ಸುರುಳಿ ಹಿಡಿಯುತ್ತವೆ. ಅಕೂಸ್ಟಿಕ್ ಗಿಟಾರ್‌ನಲ್ಲಿ ಮರಕ್ಕೆ ಇರುವಷ್ಟು ಪಾತ್ರ ಇಲ್ಲಿ ಇಲ್ಲ. ಅಮೆರಿಕದ ಫೆಂಡರ್ ಕಂಪನಿ 1954ರಲ್ಲಿ ತಂದ ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಗಿಟಾರ್‌ನಲ್ಲಿ ಕಂಪಿಸುವ ತಂತಿಯ ಉದ್ದ 648 ಮಿ.ಮೀ. ಅದೇ ಕಂಪನಿಯ ಅಗ್ಗದ ಸ್ಕ್ವಯರ್ ಸ್ಟ್ರಾಟ್‌ನಲ್ಲೂ ಅಷ್ಟೇ. ಬೆಲೆಯ ವ್ಯತ್ಯಾಸದಲ್ಲಿ ದೊಡ್ಡ ಪಾಲು ಎಲ್ಲಿ ತಯಾರಾಯಿತು, ಫ್ರೆಟ್ (ಬೆರಳಾಡಿಸುವ ಉದ್ದನೆಯ ಕತ್ತಿನ, ಅಂದರೆ ನೆಕ್‌ನ, ಮೇಲಿನ ಅಡ್ಡ ಲೋಹದ ಪಟ್ಟಿ) ಮತ್ತು ನಟ್ (ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಕಾಲುವೆಗಳಿರುವ ತುಂಡು) ಮೇಲೆ ಎಷ್ಟು ಹೊತ್ತು ಕೈ ಆಡಿಸಿದರು ಎಂಬುದರದ್ದು. ಆ ಕೈಕೆಲಸವನ್ನು ನಾವು ಆಮೇಲೂ ಮಾಡಿಸಬಹುದು.

ನೆಕ್ ಸರಿ ಇದೆಯಾ ನೋಡಿ

ಆಚಾರಿ ಹಲಗೆಯ ಅಂಚಿಗೆ ಕಣ್ಣಿಟ್ಟು ನೋಡುವ ಹಾಗೆ ಗಿಟಾರ್‌ನ ತಲೆಯ ಕಡೆಯಿಂದ ನೆಕ್ ಉದ್ದಕ್ಕೂ ನೋಡಿ. ಉದ್ದಕ್ಕೆ ತುಸು ಬಾಗಿದ್ದರೆ ಚಿಂತೆಯಿಲ್ಲ. ತಿರುಚಿಕೊಂಡಿದ್ದರೆ ಅದಕ್ಕೆ ಒಂದು ರೂಪಾಯಿಯೂ ಹಾಕಬೇಡಿ.

ಬಾಗಿದ್ದನ್ನು ಸರಿಪಡಿಸಲು ನೆಕ್ ಒಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಇದೆ. ತಂತಿಗಳನ್ನು ಶ್ರುತಿ ಮಾಡಿ. ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್‌ನಲ್ಲಿ ದಪ್ಪ ತಂತಿಯನ್ನು ಒತ್ತಿ. ಈಗ 7ನೇ ಅಥವಾ 8ನೇ ಫ್ರೆಟ್ ಮೇಲೆ ತಂತಿಯ ಕೆಳಗೆ ಸುಮಾರು 0.25 ಮಿ.ಮೀ. ಜಾಗ ಇರಬೇಕು. ಇದನ್ನು ಅಳೆಯುವ ಫೀಲರ್ ಗೇಜ್‌ಗೆ ಆನ್‌ಲೈನ್ ಹುಡುಕಬೇಕಿಲ್ಲ, ಬೈಕ್ ಮೆಕ್ಯಾನಿಕ್ ಹತ್ತಿರ ಇರುತ್ತದೆ. ಜಾಗ ಜಾಸ್ತಿ ಇದ್ದರೆ ರಾಡನ್ನು ಗಡಿಯಾರದ ದಿಕ್ಕಿಗೆ ಬಿಗಿ ಮಾಡಿ, ಕಡಿಮೆ ಇದ್ದರೆ ಸಡಿಲಿಸಿ. ಒಮ್ಮೆಗೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಬಲ ಹಾಕದೆ ತಿಳಿದವರಿಗೆ ಕೊಡಿ.

ನಮ್ಮ ಕರಾವಳಿಯಲ್ಲಿ ಈ ಕೆಲಸ ಒಮ್ಮೆಗೆ ಮುಗಿಯುವುದಿಲ್ಲ. ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಊರು. ಮರ ತೇವ ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅಳೆಯಿರಿ. ಲಕ್ಷದ ಗಿಟಾರ್‌ಗೂ ಇದು ತಪ್ಪಿದ್ದಲ್ಲ. ಫಿಂಗರ್‌ಬೋರ್ಡ್ (ಫ್ರೆಟ್‌ಗಳಿರುವ ಮರದ ಪಟ್ಟಿ) ಒಣಗಿದೆಯೆಂದು ಮನೆಯ ತೆಂಗಿನೆಣ್ಣೆ ಮಾತ್ರ ಹಚ್ಚಬೇಡಿ, ಕಾಲಕ್ರಮದಲ್ಲಿ ಕಮಟು ವಾಸನೆ ಬರುತ್ತದೆ.

ನೆಕ್ ಸರಿಯಾದ ಮೇಲೆ ಬ್ರಿಡ್ಜ್, ಅಂದರೆ ಬಾಡಿಯ ಮೇಲೆ ತಂತಿಗಳನ್ನು ಹೊರುವ ಲೋಹದ ಭಾಗ. ಅದರ ಮೇಲೆ ಒಂದೊಂದು ತಂತಿ ಕೂರುವ ತುಂಡಾದ ಸ್ಯಾಡಲ್ ಏರಿಸಿ ಇಳಿಸಿ ತಂತಿಯ ಎತ್ತರವನ್ನು 17ನೇ ಫ್ರೆಟ್‌ನಲ್ಲಿ 1.6 ಮಿ.ಮೀ. ಆಸುಪಾಸಿಗೆ ತನ್ನಿ. ಆಮೇಲೆ 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಬೆರಳಲ್ಲಿ ಮುಟ್ಟಿ ಹಾರ್ಮೋನಿಕ್ ಎಂಬ ತೆಳು ಸ್ವರ ನುಡಿಸಿ, ನಂತರ ಅದೇ ಜಾಗದಲ್ಲಿ ಒತ್ತಿ ನುಡಿಸಿ. ಶ್ರುತಿ ತೋರಿಸುವ ಟ್ಯೂನರ್ ಯಂತ್ರದಲ್ಲಿ ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಿ, ಕೆಳಗಿದ್ದರೆ ಮುಂದಕ್ಕೆ.

ನಟ್ ಮತ್ತು ಫ್ರೆಟ್

ಅಗ್ಗದ ಗಿಟಾರ್ ಶ್ರುತಿ ಬಿಟ್ಟರೆ ಎಲ್ಲರೂ ಬೈಯುವುದು ಕಿವಿಗಳನ್ನು, ಅಂದರೆ ತಲೆಯಲ್ಲಿ ತಂತಿ ಬಿಗಿಯುವ ಟ್ಯೂನರ್‌ಗಳನ್ನು. ನಿಜವಾದ ಕಳ್ಳ ಹೆಚ್ಚಾಗಿ ನಟ್. ಮೂರನೇ ತಂತಿಯ ಕಿವಿಯನ್ನು ನಿಧಾನವಾಗಿ ತಿರುಗಿಸಿ ನೋಡಿ. ಸ್ವರ ಏರುವುದೇ ಇಲ್ಲ, ಆಮೇಲೆ "ಟಿಣ್" ಎಂದು ಒಮ್ಮೆಲೇ ಹಾರುತ್ತದೆ. ತಂತಿ ನಟ್‌ನ ಕಾಲುವೆಯಲ್ಲಿ ಸಿಕ್ಕಿಕೊಂಡಿತ್ತು, ಈಗ ಜಾರಿತು. ತಂತಿ ಎತ್ತಿ ಆ ಕಾಲುವೆಗೆ ಮೆತ್ತಗಿನ ಪೆನ್ಸಿಲ್ ಉಜ್ಜಿ. ಸರಿಯಾದರೆ ಖರ್ಚು ಶೂನ್ಯ. ಸರಿಯಾಗದಿದ್ದರೆ ಪ್ಲಾಸ್ಟಿಕ್ ನಟ್ ತೆಗೆಸಿ, ಮೂಳೆಯದ್ದು ಅಥವಾ ಗ್ರಾಫೈಟ್‌ನದ್ದು ಹಾಕಿಸಿ. ಇಡೀ ಗಿಟಾರ್‌ನಲ್ಲಿ ಹಾಕಿದ ದುಡ್ಡಿಗೆ ಅತಿ ಹೆಚ್ಚು ಫಲ ಕೊಡುವ ಬದಲಾವಣೆ ಇದೇ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಫ್ರೆಟ್ ಮಟ್ಟ ಮಾಡಿಸುವುದು ಅನುಭವಸ್ಥರ ಕೆಲಸ. ಎಲ್ಲ ಫ್ರೆಟ್‌ಗಳ ತಲೆಗೆ ಮಾರ್ಕರ್ ಹಚ್ಚಿ ಸಮ ಉಜ್ಜಿ, ಮತ್ತೆ ದುಂಡಗೆ ಮಾಡಿ ಪಾಲಿಶ್ ಹಾಕುತ್ತಾರೆ. ಅಂಚುಗಳು ಕೈಗೆ ಚುಚ್ಚುತ್ತಿದ್ದರೆ ಅದನ್ನೂ ಅರದಿಂದ ಸವರಿಸಿ. ಇಷ್ಟಾದರೆ ಕಣ್ಣು ಮುಚ್ಚಿ ನುಡಿಸುವಾಗ ಬೆರಳಿಗೆ ಬೆಲೆ ಗೊತ್ತಾಗುವುದು ಕಷ್ಟ. ಟ್ಯೂನರ್ ಬದಲಿಸಬೇಕೆನಿಸಿದರೆ ತೂತಿನ ಅಳತೆ ನೋಡಿ ತನ್ನಿ.

ಈಗ ಪಿಕಪ್

ಅಗ್ಗದ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಉಕ್ಕಿನ ಕಂಬಗಳ ಕೆಳಗೆ ಸೆರಾಮಿಕ್ ಅಯಸ್ಕಾಂತದ ಪಟ್ಟಿ ಅಂಟಿಸಿರುತ್ತಾರೆ. ದುಬಾರಿ ಸ್ಟ್ರಾಟ್‌ಗಳಲ್ಲಿ ಕಂಬಗಳೇ ಆಲ್ನಿಕೋ ಎಂಬ ಮಿಶ್ರಲೋಹದ ಅಯಸ್ಕಾಂತ. ದನಿಯಲ್ಲಿ ವ್ಯತ್ಯಾಸ ಇದೆ, ಆದರೆ ಸೆರಾಮಿಕ್ ಅಂದರೆ ಕೆಟ್ಟದ್ದು ಅಂತಲ್ಲ. ಮೊದಲು ಈಗಿರುವ ಪಿಕಪ್‌ನ ಎತ್ತರವನ್ನು ಸ್ಕ್ರೂನಲ್ಲಿ ಏರಿಸಿ ಇಳಿಸಿ ಕೇಳಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಬದಲಿಸುವುದೇ ಆದರೆ ವಾಲ್ಯೂಮ್, ಟೋನ್ ಪಾಟ್‌ಗಳನ್ನೂ (ತಿರುಗಿಸುವ ಗುಂಡಿಗಳ ಕೆಳಗಿನ ಭಾಗ) ಸ್ವಿಚ್ಚನ್ನೂ ಜೊತೆಗೇ ಬದಲಿಸಿ. ಸಿಂಗಲ್ ಕಾಯಿಲ್‌ಗೆ ವಾಡಿಕೆಯಲ್ಲಿ 250 ಕಿಲೋ ಓಮ್‌ನ ಪಾಟ್, ಎರಡು ಸುರುಳಿಯ ಹಂಬಕರ್ ಪಿಕಪ್‌ಗೆ 500. ಅಗ್ಗದ ಗಿಟಾರ್‌ಗಳಲ್ಲಿ ಚಿಕ್ಕ ಪಾಟ್ ಇರುವುದರಿಂದ ದೊಡ್ಡದಕ್ಕೆ ತೂತು ಅಗಲ ಮಾಡಬೇಕಾದೀತು. ಸೋಲ್ಡರಿಂಗ್ ಬಾರದಿದ್ದರೆ ಪೇಟೆಯಲ್ಲಿ ಆಂಪ್ ರಿಪೇರಿ ಮಾಡುವವರಿಗೆ ವೈರಿಂಗ್ ಚಿತ್ರ ಕೊಡಿ. ಚರ್ಚ್ ಹಾಲ್‌ನಲ್ಲಿ, ಗಾನಮೇಳದ ಸ್ಟೇಜ್‌ನಲ್ಲಿ ಗುಂಯ್‌ಗುಡುವ ಸದ್ದು ಕಾಡುತ್ತಿದ್ದರೆ, ಬಿಚ್ಚಿದಾಗಲೇ ಪಿಕಪ್ ಕೂರುವ ಹೊಂಡದ ಒಳಮೈಗೆ ತಾಮ್ರದ ಟೇಪ್ ಅಂಟಿಸಿ ಅರ್ತ್‌ಗೆ ಸೇರಿಸಿ. ಪೂರ್ತಿ ಹೋಗದು, ಸ್ವಲ್ಪ ತಗ್ಗೀತು.

ಹಾಗಾದರೆ ಸರಿಸಾಟಿಯಾ? ಸ್ಪೀಕರ್‌ನಿಂದ ಬರುವ ದನಿಯಲ್ಲಿ, ಕೈಗೆ ಸಿಗುವ ಸಲೀಸಿನಲ್ಲಿ ಹತ್ತಿರ ಹತ್ತಿರ ಹೌದು. ನೆಕ್‌ನ ಅಂಚುಗಳ ನಯ, ಬಣ್ಣದ ಕೆಲಸ, ಬ್ರಿಡ್ಜ್‌ನ ಲೋಹ, ಇವುಗಳಲ್ಲಿ ದುಬಾರಿಯದ್ದೇ ಮುಂದೆ. ಮರುಮಾರಾಟದಲ್ಲಂತೂ ಹೋಲಿಕೆಯೇ ಇಲ್ಲ, ಪಿಕಪ್‌ಗೆ ಹಾಕಿದ ದುಡ್ಡನ್ನು ಕೊಳ್ಳುವವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಗಿಟಾರ್‌ನ ಬೆಲೆಯ ಅರ್ಧಕ್ಕಿಂತ ಜಾಸ್ತಿ ಅದರ ಮೇಲೆ ಸುರಿಯಬೇಡಿ. ಬಿಚ್ಚಿದ ಹಳೆಯ ಭಾಗಗಳನ್ನು ಡಬ್ಬಿಯಲ್ಲಿ ಎತ್ತಿಡಿ. ಮಾರುವಾಗ ಅವನ್ನೇ ಮತ್ತೆ ಜೋಡಿಸಿ ಕೊಟ್ಟು, ಒಳ್ಳೆಯ ಪಿಕಪ್‌ಗಳನ್ನು ಮುಂದಿನ ಗಿಟಾರ್‌ಗೆ ಹಾಕಿಕೊಳ್ಳಬಹುದು.