ಡಿಒ ಓದುತ್ತಾ ಕಣ್ಣಿನ ಡಾಕ್ಟರ್ ಆಗುವುದು ಹೇಗೆ?

ಅಮೆರಿಕದಲ್ಲಿ ಡಾಕ್ಟರ್ ಆಗಲು ಎರಡು ದಾರಿ. ಒಂದು ಎಂಡಿ, ಇನ್ನೊಂದು ಡಿಒ, ಅಂದರೆ ಆಸ್ಟಿಯೋಪಥಿಕ್ ಮೆಡಿಸಿನ್. ನಮ್ಮೂರ ಕಣ್ಣಾಸ್ಪತ್ರೆಯ ಬೋರ್ಡಿನಲ್ಲಿ ಕಾಣುವ ಡಿಒ ಡಿಪ್ಲೊಮಾ ಬೇರೆ, ಇದು ಬೇರೆ. 1892ರಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶುರು ಮಾಡಿದ ಕಾಲೇಜಿನಿಂದ ಬೆಳೆದ ಓದು ಇದು. ಇಂದು ಅಲ್ಲಿ ಡಿಒ ಡಾಕ್ಟರುಗಳು ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. ಎಂಡಿಗಳಿಗಿರುವ ಹಕ್ಕೆಲ್ಲ ಇವರಿಗೂ ಇದೆ. ಅಲ್ಲಿ ನೆಲೆಸಿದ ಕನ್ನಡದ ಮನೆಗಳ ಮಕ್ಕಳೂ ಈ ಕಾಲೇಜುಗಳನ್ನು ಸೇರುವುದುಂಟು.

ಕಣ್ಣಿನ ವಿಭಾಗದ ರೆಸಿಡೆನ್ಸಿ, ಅಂದರೆ ಡಾಕ್ಟರ್ ಪದವಿಯ ನಂತರದ ತಜ್ಞ ತರಬೇತಿ, ಅದರ ಸೀಟಿಗೆ ಮಾತ್ರ ಪೈಪೋಟಿ ಜೋರು. ಇಡೀ ದೇಶಕ್ಕೆ ವರ್ಷಕ್ಕೆ ಸುಮಾರು 500 ಸೀಟು ಅಷ್ಟೇ. ಮೊದಲು ಡಿಒಗಳಿಗೆಂದೇ ಪ್ರತ್ಯೇಕ ತರಬೇತಿ ಕೇಂದ್ರಗಳಿದ್ದವು. ಅವನ್ನು ಎಂಡಿಗಳ ತರಬೇತಿ ವ್ಯವಸ್ಥೆಯ ಜೊತೆ ಸೇರಿಸುವ ವಿಲೀನ 2015ರಲ್ಲಿ ಶುರುವಾಗಿ 2020ಕ್ಕೆ ಮುಗಿಯಿತು. ಈಗ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಡಿಒಗಳನ್ನು ತೆಗೆದುಕೊಳ್ಳಲು ಹಿಂಜರಿಯುವ ಕೇಂದ್ರಗಳು ಇವೆ, ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಹೆಚ್ಚಿನ ಡಿಒ ಕಾಲೇಜುಗಳಿಗೆ ಸ್ವಂತ ಕಣ್ಣಿನ ವಿಭಾಗವೇ ಇಲ್ಲ. ಕಲಿಸುವ ಪ್ರೊಫೆಸರ್ ಇಲ್ಲ, ಕೈಗೆ ಸಿಗುವ ರಿಸರ್ಚ್ ಇಲ್ಲ, ನಿಮ್ಮ ಪರವಾಗಿ ಪತ್ರ ಬರೆಯುವವರಿಲ್ಲ. ಇದನ್ನೆಲ್ಲ ನೀವೇ ಹುಡುಕಿಕೊಳ್ಳಬೇಕು. ಅದಕ್ಕೇ ಮೊದಲ ವರ್ಷದಲ್ಲೇ ಶುರು ಮಾಡಿ ಎನ್ನುವುದು.

ಮೊದಲು, ಕಾಲೇಜಿನ ಹತ್ತಿರದ ಕಣ್ಣಿನ ಡಾಕ್ಟರ್ ಒಬ್ಬರಿಗೆ ಬರೆದು, ಕ್ಲಿನಿಕ್‌ಗೆ ಬರಬಹುದೇ ಎಂದು ಕೇಳಿ. ಉತ್ತರ ಬರದಿದ್ದರೆ ಇನ್ನೊಬ್ಬರಿಗೆ ಬರೆಯಿರಿ. ಹೋದ ಮೇಲೆ ಸುಮ್ನೆ ಮೂಲೆಯಲ್ಲಿ ನಿಲ್ಲಬೇಡಿ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪ್ ಬಳಸುವುದನ್ನು ಕಲಿಯಿರಿ. ಟಾರ್ಚ್ ಪರೀಕ್ಷೆಯನ್ನಂತೂ ಬಿಡಲೇಬೇಡಿ. ಕೋಣೆಯ ದೀಪ ತಗ್ಗಿಸಿ, ರೋಗಿಗೆ ದೂರದ ಗೋಡೆ ನೋಡಲು ಹೇಳಿ. ಬೆಳಕನ್ನು ಒಂದು ಕಣ್ಣಿನ ಮೇಲೆ ಎರಡು ಮೂರು ಸೆಕೆಂಡ್ ನಿಲ್ಲಿಸಿ, ಥಟ್ಟನೆ ಇನ್ನೊಂದಕ್ಕೆ ತನ್ನಿ. ಹೀಗೇ ಆಚೆ ಈಚೆ ಹಾಯಿಸಿ. ಎರಡೂ ಪಾಪೆ ಕಿರಿದಾಗಿಯೇ ಇರಬೇಕು. ಬೆಳಕು ಬಿದ್ದ ಕಣ್ಣಿನ ಪಾಪೆ ಹಿಗ್ಗಿತು ಅಂದರೆ, ಆ ಕಣ್ಣಿನ ನರದಲ್ಲೋ ರೆಟಿನಾದಲ್ಲೋ ದೊಡ್ಡ ತೊಂದರೆ ಇದೆ ಎಂದು ಅನುಮಾನಿಸಬೇಕು. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವ ಮೊದಲೇ ಇದನ್ನು ನೋಡಬೇಕು. ಹಾಕಿದ ಮೇಲೆ ನೋಡಿ ಪ್ರಯೋಜನವಿಲ್ಲ. ಯಾರೂ ಹೇಳದಿದ್ದರೂ ಇದನ್ನು ನೋಡಿ ಬರೆದಿಡುವ ವಿದ್ಯಾರ್ಥಿಯನ್ನು ಡಾಕ್ಟರ್ ಮರೆಯುವುದಿಲ್ಲ.

ಅದೇ ಕ್ಲಿನಿಕ್‌ನಲ್ಲಿ ಅಪರೂಪದ ರೋಗಿಯೊಬ್ಬರು ಬಂದರೆ, ಅವರ ಒಪ್ಪಿಗೆ ಪಡೆದು ಡಾಕ್ಟರ್ ಜೊತೆ ಕೇಸ್ ರಿಪೋರ್ಟ್, ಅಂದರೆ ಆ ಒಬ್ಬ ರೋಗಿಯ ಕಾಯಿಲೆಯ ಬಗ್ಗೆ ವೈದ್ಯ ಪತ್ರಿಕೆಗೆ ಲೇಖನ, ಬರೆಯಿರಿ. ದೊಡ್ಡ ಲ್ಯಾಬ್ ಇಲ್ಲದ ಕಡೆ ರಿಸರ್ಚ್ ಶುರುವಾಗುವುದೇ ಹೀಗೆ.

ಇನ್ನು ಪರೀಕ್ಷೆ. ಡಿಒಗಳಿಗೆ ಅವರದೇ ಲೈಸೆನ್ಸ್ ಪರೀಕ್ಷೆಯಾದ ಕಾಮ್‌ಲೆಕ್ಸ್ ಕಡ್ಡಾಯ. ಎಂಡಿಗಳು ಬರೆಯುವ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇ ಕಡ್ಡಾಯವಲ್ಲ, ಆದರೂ ಬರೆಯಿರಿ. ಎಂಡಿಗಳ ಅಂಕದ ಪಕ್ಕ ನಿಮ್ಮ ಅಂಕ ಇಟ್ಟು ನೋಡಲು ಆಯ್ಕೆ ಮಾಡುವವರಿಗೆ ಅದೇ ಸುಲಭ. ಎರಡೆರಡು ಪರೀಕ್ಷೆ, ಎರಡೆರಡು ಫೀಸು. ಇದು ಡಿಒಗಳ ಮೇಲೆ ಬಿದ್ದ ಜಾಸ್ತಿ ಹೊರೆಯೇ, ಅನ್ಯಾಯ ಅನ್ನಿಸಿದರೆ ತಪ್ಪಿಲ್ಲ. 2022ರಿಂದ ಎರಡರದ್ದೂ ಮೊದಲ ಹಂತದಲ್ಲಿ ಪಾಸು, ಫೇಲು ಮಾತ್ರ. ಹಾಗಾಗಿ ಯುಎಸ್‌ಎಂಎಲ್‌ಇಯ ಎರಡನೇ ಹಂತವಾದ ಸ್ಟೆಪ್ 2 ಸಿಕೆ ಅಂಕಕ್ಕೆ ತೂಕ ಹೆಚ್ಚಿದೆ. ಅರ್ಜಿ ಹಾಕುವ ಹೊತ್ತಿಗೆ ಆ ಅಂಕ ಕೈಯಲ್ಲಿರಲಿ.

ಮೂರನೇ ವರ್ಷ ಮುಗಿಯುತ್ತಿದ್ದಂತೆ ಬೇರೆ ಆಸ್ಪತ್ರೆಗಳ ಕಣ್ಣಿನ ವಿಭಾಗದಲ್ಲಿ ರೊಟೇಷನ್ ಮಾಡಿ, ಅಂದರೆ ಕೆಲವು ವಾರ ಅಲ್ಲಿದ್ದು ಕೆಲಸ ಕಲಿಯಿರಿ. ಸ್ವಂತ ಕಾಲೇಜಿನಲ್ಲಿ ಕಣ್ಣಿನ ವಿಭಾಗ ಇಲ್ಲದವರಿಗೆ ಇದು ಬಹಳ ಮುಖ್ಯ. ಯಾವ ಕೇಂದ್ರ ಎನ್ನುವುದನ್ನು ಹೆಸರು ನೋಡಿ ಆರಿಸಬೇಡಿ. ಅವರ ವೆಬ್‌ಸೈಟ್ ತೆರೆದು ಈಗಿರುವ ರೆಸಿಡೆಂಟ್‌ಗಳ ಪಟ್ಟಿ ನೋಡಿ. ಅಲ್ಲಿ ಡಿಒ ಇದ್ದಾರಾ? ಇದ್ದರೆ ಅಲ್ಲಿಗೆ ಮೊದಲು ಹಾಕಿ, ಅವರಿಗೇ ನೇರವಾಗಿ ಬರೆದು ವಿಚಾರಿಸಿ. ರೊಟೇಷನ್‌ನಲ್ಲಿ ಹಗಲು ಕಂಡ ಕಾಯಿಲೆಯ ಬಗ್ಗೆ ರಾತ್ರಿ ಐವಿಕಿ (EyeWiki) ಎಂಬ ಕಣ್ಣಿನ ಕಾಯಿಲೆಗಳ ವೆಬ್‌ಸೈಟಿನಲ್ಲಿ ಓದಿಕೊಳ್ಳಿ. ಅದು ಉಚಿತ.

ರೆಸಿಡೆನ್ಸಿ ಅರ್ಜಿ ಹೋಗುವುದು ಎಸ್‌ಎಫ್ ಮ್ಯಾಚ್ ಮೂಲಕ. ಅಭ್ಯರ್ಥಿಗಳ ಮತ್ತು ಕೇಂದ್ರಗಳ ಆಯ್ಕೆ ಪಟ್ಟಿಗಳನ್ನು ಹೊಂದಿಸಿ ಸೀಟು ಹಂಚುವ ವ್ಯವಸ್ಥೆ ಇದು. ಮೂರು ಶಿಫಾರಸು ಪತ್ರ ಬೇಕು. ದೊಡ್ಡ ಹೆಸರಿನವರು ಬರೆದ ನಾಲ್ಕು ಸಾಲಿಗಿಂತ, ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು ಬರೆದ ಪತ್ರ ಮೇಲು. ಬೇಸಿಗೆಯಲ್ಲೇ ಅರ್ಜಿ ಸಿದ್ಧವಿರಲಿ, ದಿನಾಂಕಗಳನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಇಂಟರ್‌ವ್ಯೂ ಆದ ಮೇಲೆ ಕೇಂದ್ರಗಳ ಪಟ್ಟಿಯನ್ನು ನಿಮಗೆ ನಿಜಕ್ಕೂ ಇಷ್ಟವಾದ ಕ್ರಮದಲ್ಲೇ ಕೊಡಿ. ಇಲ್ಲಿ ಸಿಗಲಿಕ್ಕಿಲ್ಲ ಎಂದು ಲೆಕ್ಕ ಹಾಕಿ ಮೇಲೆ ಕೆಳಗೆ ಮಾಡಿದರೆ ನಷ್ಟ ನಿಮಗೇ.

ಫಲಿತಾಂಶ ಫೆಬ್ರವರಿಯಲ್ಲಿ ಬರುತ್ತದೆ. ಬೇರೆ ಹೆಚ್ಚಿನ ವಿಭಾಗಗಳ ಮ್ಯಾಚ್ ಮಾರ್ಚ್‌ನಲ್ಲಿ. ನಡುವಿನ ಈ ಅಂತರ ಕಣ್ಣಿನ ಸೀಟು ಸಿಗದವರಿಗೆ ಉಪಯೋಗಕ್ಕೆ ಬರುತ್ತದೆ, ಆದರೆ ಮಾರ್ಚ್ ಮ್ಯಾಚ್‌ನ ಅರ್ಜಿಯನ್ನು ಹಿಂದಿನ ಶರತ್ಕಾಲದಲ್ಲೇ ಇರಾಸ್ ಎಂಬ ಆನ್‌ಲೈನ್ ಅರ್ಜಿ ಸೇವೆಯ ಮೂಲಕ ಹಾಕಿಟ್ಟಿರಬೇಕು. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ, ಇಲ್ಲವೇ ಕಣ್ಣಿನ ವಿಭಾಗದಲ್ಲೇ ರಿಸರ್ಚ್ ಮಾಡುತ್ತಾ, ಮರುವರ್ಷ ಮತ್ತೆ ಅರ್ಜಿ ಹಾಕಬಹುದು.