ಡಬ್ಬಿ ಮೇಲೆ 5ಜಿ, ಜಗಲಿ ಮೇಲೆ 4ಜಿ

ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪ ಕಳೆದ ವರ್ಷ ಒಂದು ಸೆಕೆಂಡ್‌ಹ್ಯಾಂಡ್ ಫೋನ್ ತಗೊಂಡರು. 2020ರ ಮಾಡೆಲ್ಲು. ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ 5ಜಿ ಅಂತ ಇತ್ತು. ಅಡಿಕೆ ಮಂಡಿ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದಾಗಲೆಲ್ಲ ಫೋನಿನ ಮೂಲೆಯಲ್ಲಿ 5ಜಿ ಕಾಣುತ್ತಿತ್ತು. ಮನೆಗೆ ಬಂದರೆ ಮತ್ತೆ 4ಜಿ. ಅದೇ ಜಗಲಿ ಮೇಲೆ ಕೂತ ಅವರ ಮಗನ ಫೋನಿನಲ್ಲಿ, ಅದೇ ಕಂಪನಿಯ ಸಿಮ್ಮಿನಲ್ಲಿ, 5ಜಿ ಆರಾಮಾಗಿ ಓಡುತ್ತಿತ್ತು. "ಸಿಮ್ಮಿಗೂ ನನ್ನ ಕಂಡ್ರೆ ಆಗೂದಿಲ್ಲ ಮಾರಾಯ" ಅಂದರು ಚಿಕ್ಕಪ್ಪ.

ಸಿಮ್ಮಿನದೇನೂ ತಪ್ಪಿರಲಿಲ್ಲ. ಟವರಿನದೂ ಅಲ್ಲ. ಆ ಫೋನಿಗೆ ಗೊತ್ತಿದ್ದ 5ಜಿ ಒಂದೇ ಒಂದು ಬಗೆಯದು. ಅವರ ಮನೆ ತನಕ ಬರುತ್ತಿದ್ದದ್ದು ಇನ್ನೊಂದು ಬಗೆಯದು.

5ಜಿ ಅನ್ನುವುದು ಒಂದೇ ಫ್ರೀಕ್ವೆನ್ಸಿಯಲ್ಲಿ ಬರುವುದಿಲ್ಲ. ಹಲವು ಫ್ರೀಕ್ವೆನ್ಸಿಗಳ ಗುಂಪುಗಳಲ್ಲಿ ಬರುತ್ತದೆ. ಈ ಗುಂಪಿಗೆ ಬ್ಯಾಂಡ್ ಅನ್ನುತ್ತಾರೆ, ಪ್ರತಿ ಬ್ಯಾಂಡಿಗೂ ಒಂದು ನಂಬರ್ ಇರುತ್ತದೆ. ನಮ್ಮ ದೇಶದಲ್ಲಿ ಮುಖ್ಯವಾಗಿ ನೆನಪಿಡಬೇಕಾದವು ಮೂರು. 700 ಮೆಗಾಹರ್ಟ್ಸ್, ಅದು ಎನ್28. 3300 ಮೆಗಾಹರ್ಟ್ಸ್, ಅದು ಎನ್78. 26 ಗಿಗಾಹರ್ಟ್ಸ್, ಅದು ಎನ್258. ಮೂರನೆಯದನ್ನು ಫೋನ್ ಕೊಳ್ಳುವಾಗ ತಲೆಗೆ ಹಚ್ಚಿಕೊಳ್ಳಬೇಡಿ. ಗೋಡೆ ಅಡ್ಡ ಬಂದರೂ ಸಾಕು, ನಿಂತು ಹೋಗುವ ಸಿಗ್ನಲ್ ಅದು.

ಉಳಿದ ಎರಡರ ಗುಣ ಬೇರೆ ಬೇರೆ. ದೂರದ ಮದುವೆ ಮನೆಯಲ್ಲಿ ಡಿಜೆ ಹಾಕಿದಾಗ ನಮ್ಮ ಮನೆಗೆ ಕೇಳಿಸುವುದು ಧಡ್ ಧಡ್ ಅನ್ನುವ ಬೇಸ್ ಮಾತ್ರ, ಅಲ್ವಾ? ಹಾಡಿನ ಮಾತು ದಾರಿಯಲ್ಲೇ ಕಳೆದುಹೋಗಿರುತ್ತದೆ. ಹೆಚ್ಚುಕಡಿಮೆ ಇಲ್ಲೂ ಹಾಗೇ. 700ರ ಸಿಗ್ನಲ್ ದೂರ ಹೋಗುತ್ತದೆ, ಮರ ಗೋಡೆಗಳನ್ನು ದಾಟಿ ಒಳಗೂ ಬರುತ್ತದೆ. 3300ರದ್ದು ಅಷ್ಟು ದೂರ ಬರುವುದಿಲ್ಲ. ಆದರೆ ಅದರ ಪೈಪು ದೊಡ್ಡದು. 2022ರ ತರಂಗಗುಚ್ಛ (ಸ್ಪೆಕ್ಟ್ರಮ್) ಹರಾಜಿನಲ್ಲಿ ಜಿಯೋ 700ರಲ್ಲಿ ಕೊಂಡದ್ದು ಹೋಗಲು 10, ಬರಲು 10 ಮೆಗಾಹರ್ಟ್ಸ್. 3300ರಲ್ಲಿ ಕೊಂಡದ್ದು 100 ಮೆಗಾಹರ್ಟ್ಸ್. ಹಾಗಾಗಿ ಸ್ಪೀಡ್ ಬೇಕಾದರೆ ಎನ್78, ಹಳ್ಳಿ ಮೂಲೆಯಲ್ಲಿ ಸಿಗ್ನಲ್ ಬೇಕಾದರೆ ಎನ್28. ಚಿಕ್ಕಪ್ಪನ ಫೋನಿನಲ್ಲಿ ಇದ್ದದ್ದು ಎನ್78 ಒಂದೇ.

ನಿಮ್ಮ ಫೋನಿನ ಕಥೆ ಏನು ಅಂತ ಹೀಗೆ ನೋಡಿ.

1. ಸಿಮ್ ಕಂಪನಿಯ ಬ್ಯಾಂಡ್ ತಿಳಿದುಕೊಳ್ಳಿ

ಜಿಯೋ 5ಜಿಗೆ ಬೇಕಾದದ್ದು ಎನ್28 ಮತ್ತು ಎನ್78. ಏರ್‌ಟೆಲ್‌ಗೆ ಮುಖ್ಯವಾಗಿ ಎನ್78. 700ರ ತರಂಗಗುಚ್ಛವನ್ನು ಏರ್‌ಟೆಲ್ ಆ ಹರಾಜಿನಲ್ಲಿ ಕೊಳ್ಳಲಿಲ್ಲ. ವಿಐ 5ಜಿ ಶುರು ಮಾಡಿದ್ದು ತಡವಾಗಿ, 2025ರಲ್ಲಿ, ಮುಂಬೈಯಿಂದ. ಅದಕ್ಕೂ ಎನ್78 ಇರಲೇಬೇಕು.

ಇನ್ನೊಂದು ವಿಷಯ ಇದೆ, ಅಂಗಡಿಯವರು ಇದನ್ನು ಹೇಳುವುದೇ ಇಲ್ಲ. ಜಿಯೋ 5ಜಿ ತನ್ನ ಕಾಲ ಮೇಲೆ ತಾನೇ ನಿಂತಿದೆ. ಅದಕ್ಕೆ ಸ್ಟ್ಯಾಂಡ್‌ಅಲೋನ್, ಚಿಕ್ಕದಾಗಿ ಎಸ್‌ಎ ಅನ್ನುತ್ತಾರೆ. ಏರ್‌ಟೆಲ್ ಶುರು ಮಾಡಿದ್ದು 4ಜಿಯ ಹೆಗಲ ಮೇಲೆ 5ಜಿ ಕೂರಿಸಿ. ಅದು ಎನ್‌ಎಸ್‌ಎ. ಹಳೆಯ ಕೆಲವು 5ಜಿ ಫೋನುಗಳಲ್ಲಿ ಎನ್78 ಇದ್ದರೂ ಎಸ್‌ಎ ಇಲ್ಲ. ಅಂಥ ಫೋನಿಗೆ ಏರ್‌ಟೆಲ್ ಹಾಕಿದರೆ 5ಜಿ ಬರುತ್ತದೆ, ಜಿಯೋ ಹಾಕಿದರೆ ಬರುವುದಿಲ್ಲ.

ಬಿಎಸ್‌ಎನ್‌ಎಲ್ ಸಿಮ್ ಇರುವವರು 4ಜಿ ಬ್ಯಾಂಡನ್ನೇ ಪರೀಕ್ಷೆ ಮಾಡಬೇಕು. ಅದರ ಸ್ವದೇಶಿ 4ಜಿ ಜಾಲಕ್ಕೆ 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಚಾಲನೆ ಸಿಕ್ಕಿತು. ಅದು ಓಡುವುದು ಮುಖ್ಯವಾಗಿ 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಬಿ28 ಮತ್ತು ಬಿ1. ಹಳೆಯ, ಅಗ್ಗದ 4ಜಿ ಫೋನುಗಳಲ್ಲಿ ಬಿ28 ಇಲ್ಲದವು ಬೇಕಾದಷ್ಟಿವೆ. ಮಲೆನಾಡಿನ ಕಡೆ "ಟವರ್ ಪಕ್ಕದಲ್ಲೇ ಇದೆ, 4ಜಿ ಮಾತ್ರ ಬರೂದಿಲ್ಲ" ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ.

2. ಫೋನಿನ ಹೆಸರಲ್ಲ, ಮಾಡೆಲ್ ನಂಬರ್ ನೋಡಿ

ಒಂದೇ ಹೆಸರಿನ ಫೋನ್ ಭಾರತಕ್ಕೆ ಒಂದು, ಚೀನಾಕ್ಕೆ ಒಂದು, ಯುರೋಪಿಗೆ ಒಂದು ಅಂತ ಬೇರೆ ಬೇರೆ ಬ್ಯಾಂಡ್‌ಗಳಲ್ಲಿ ಬರುತ್ತದೆ. ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಗೊತ್ತಾಗಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್‌ಗೆ ಹೋದರೆ ಮಾಡೆಲ್ ನಂಬರ್ ಸಿಗುತ್ತದೆ. ಐಫೋನ್ ಆದರೆ ಜನರಲ್, ಆಮೇಲೆ ಅಬೌಟ್.

ಸೆಕೆಂಡ್‌ಹ್ಯಾಂಡ್ ಫೋನ್ ಆದರೆ ಇನ್ನೊಂದು ಕೆಲಸವನ್ನೂ ಈಗಲೇ ಮುಗಿಸಿ. *#06# ಒತ್ತಿ, ಫೋನಿನ ಗುರುತಿನ ನಂಬರ್, ಅಂದರೆ 15 ಅಂಕಿಯ ಐಎಂಇಐ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಗೆ ಎಸ್‌ಎಂಎಸ್ ಮಾಡಿ. ಫೋನ್ ಯಾವ ಕಂಪನಿಯದು, ಯಾವ ಮಾಡೆಲ್ ಅಂತ ಉತ್ತರ ಬರುತ್ತದೆ. ಕೈಯಲ್ಲಿರುವ ಫೋನಿಗೂ ಬಂದ ಉತ್ತರಕ್ಕೂ ತಾಳೆ ಆಗದಿದ್ದರೆ ದುಡ್ಡು ಕೊಡಬೇಡಿ.

3. ಬ್ಯಾಂಡ್ ಪಟ್ಟಿ ಓದಿ

ಫೋನ್ ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ ನಂಬರ್ ಹುಡುಕಿ, ಸ್ಪೆಸಿಫಿಕೇಶನ್ ಪುಟದಲ್ಲಿ ನೆಟ್‌ವರ್ಕ್ ಅನ್ನುವ ಭಾಗಕ್ಕೆ ಹೋಗಿ. ಕ್ಯಾಮೆರಾ, ಬ್ಯಾಟರಿ ಎಲ್ಲ ದಾಟಿದ ಮೇಲೆ, ಯಾರೂ ಓದದ ಜಾಗದಲ್ಲಿ ಇರುತ್ತದೆ. 5ಜಿ ಎನ್‌ಆರ್ ಅನ್ನುವ ಸಾಲಿನಲ್ಲಿ ಎನ್28, ಎನ್78 ಎರಡೂ ಇವೆಯಾ ನೋಡಿ. ಪಕ್ಕದಲ್ಲೇ ಎಸ್‌ಎ, ಎನ್‌ಎಸ್‌ಎ ಅಂತಲೂ ಬರೆದಿರುತ್ತಾರೆ.

ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೆ. ಬಿ28 ಮತ್ತು ಎನ್28 ಒಂದೇ ಫ್ರೀಕ್ವೆನ್ಸಿ. ಆದರೆ ಬಿ ಅಂದರೆ 4ಜಿ, ಎನ್ ಅಂದರೆ 5ಜಿ. ಪಟ್ಟಿಯಲ್ಲಿ ಬಿ28 ಇದೆ ಅಂದಮಾತ್ರಕ್ಕೆ ಎನ್28 ಇದೆ ಅಂತ ಅಲ್ಲ. ಚಿಕ್ಕಪ್ಪನಿಗೆ ಫೋನಿನಲ್ಲೇ "ಇಪ್ಪತ್ತೆಂಟು ಇದೆ, ತಗೊಳ್ಳಿ" ಅಂತ ಧೈರ್ಯ ಹೇಳಿದವನು ನಾನೇ.

ಎಷ್ಟು ಬ್ಯಾಂಡ್ ಇದೆ ಅನ್ನುವ ಲೆಕ್ಕಕ್ಕೆ ಮರುಳಾಗಬೇಡಿ. "ಹನ್ನೆರಡು 5ಜಿ ಬ್ಯಾಂಡ್" ಅಂತ ಜಾಹೀರಾತು ಬರುತ್ತದೆ. ಅದರಲ್ಲಿ ನಮ್ಮಲ್ಲಿ ಯಾರೂ ಬಳಸದವೂ ಸೇರಿರುತ್ತವೆ. ಬೇಕಾದವು ಇದ್ದರೆ ಸಾಕು.

4. ಫೋನ್ ಸರಿ ಇದ್ದೂ ಬರ್ತಿಲ್ವಾ?

ಮೊದಲು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಏರ್‌ಟೆಲ್ ಮೊದಲು 5ಜಿ ಶುರು ಮಾಡಿದ ಎಂಟು ನಗರಗಳಲ್ಲಿ ಬೆಂಗಳೂರೂ ಇತ್ತು. ಆದರೂ ಇಲ್ಲಿನ ಐಫೋನ್‌ಗಳಿಗೆ 5ಜಿ ಸಿಕ್ಕಿದ್ದು ಡಿಸೆಂಬರ್‌ನಲ್ಲಿ ಐಒಎಸ್ 16.2 ಬಂದ ಮೇಲೆ. ಅಲ್ಲಿ ತನಕ ಯಂತ್ರ ತಯಾರಿತ್ತು, ಬೀಗ ತೆಗೆದಿರಲಿಲ್ಲ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್, ಅಲ್ಲಿ ಪ್ರಿಫರ್ಡ್ ನೆಟ್‌ವರ್ಕ್ ಟೈಪ್. ಅಲ್ಲಿ 5ಜಿ ಇರುವ ಸಾಲನ್ನು ಆರಿಸಿ. ಎರಡು ಸಿಮ್ ಇದ್ದರೆ ಡೇಟಾ ಯಾವುದರಲ್ಲಿ ಓಡುತ್ತಿದೆ ಅಂತ ನೋಡಿ. ಹಳೆಯ ಕೆಲವು ಫೋನುಗಳು ಒಂದು ಸಲಕ್ಕೆ ಒಂದು ಸಿಮ್ಮಿಗೆ ಮಾತ್ರ 5ಜಿ ಕೊಡುತ್ತವೆ. ಬ್ಯಾಟರಿ ಸೇವರ್ ಹಾಕಿದ್ದರೆ ಅದೂ 5ಜಿಯನ್ನು ಆಫ್ ಮಾಡಿರಬಹುದು.

ಪ್ಲಾನ್ ಮರೆಯಬೇಡಿ. 2024ರ ಜುಲೈನಲ್ಲಿ ದರ ಏರಿದಾಗ ಜಿಯೋ, ಏರ್‌ಟೆಲ್ ಎರಡೂ ಅನ್‌ಲಿಮಿಟೆಡ್ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಜಾಸ್ತಿ ಇರುವ ಪ್ಲಾನ್‌ಗಳಿಗೆ ಸೀಮಿತ ಮಾಡಿದವು.

ಸಿಮ್ ಬದಲಾಯಿಸುವ ಅಗತ್ಯ ಇಲ್ಲ. ಈಗಿರುವ 4ಜಿ ಸಿಮ್ಮೇ ಸಾಕು ಅಂತ ಎರಡೂ ಕಂಪನಿಗಳು ಶುರುವಿನಲ್ಲೇ ಹೇಳಿವೆ. "ನಿಮ್ಮ ಸಿಮ್ ಅನ್ನು 5ಜಿ ಮಾಡಿಕೊಡ್ತೀವಿ, ಒಟಿಪಿ ಹೇಳಿ" ಅಂತ ಯಾರಾದರೂ ಫೋನ್ ಮಾಡಿದರೆ ಮಾತು ಬೆಳೆಸದೆ ಇಟ್ಟುಬಿಡಿ.

5. ಯಾವ ಬ್ಯಾಂಡ್ ಹಿಡಿದಿದೆ ಅಂತ ಕಣ್ಣಾರೆ ನೋಡಿ

ನನಗೆ ಇಷ್ಟವಾದ ಭಾಗ ಇದು. ಮೂಲೆಯಲ್ಲಿ ಕಾಣುವ 5ಜಿ ಚಿಹ್ನೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಎನ್‌ಎಸ್‌ಎ ಜಾಲದಲ್ಲಿ "ಇಲ್ಲಿ 5ಜಿ ಸಿಗಬಹುದು" ಅಂತ 4ಜಿ ಟವರ್ ಹೇಳಿದರೂ ಸಾಕು, ಎಷ್ಟೋ ಫೋನುಗಳು ಚಿಹ್ನೆ ತೋರಿಸಿಬಿಡುತ್ತವೆ. ಡೇಟಾ ಮಾತ್ರ 4ಜಿಯಲ್ಲೇ ಓಡುತ್ತಿರುತ್ತದೆ.

ಆಂಡ್ರಾಯ್ಡ್‌ನಲ್ಲಿ ನೆಟ್‌ಮಾನ್‌ಸ್ಟರ್ ಅನ್ನುವ ಆ್ಯಪ್ ಹಾಕಿಕೊಂಡರೆ ಸಾಮಾನ್ಯವಾಗಿ ಬ್ಯಾಂಡ್ ನಂಬರನ್ನೇ ತೋರಿಸುತ್ತದೆ. ಸ್ಯಾಮ್‌ಸಂಗ್ ಆದರೆ *#0011#, ಐಫೋನ್ ಆದರೆ *3001#12345#* ಒತ್ತಿ ಕರೆ ಮಾಡಿ, ಒಳಗಿನ ಪರದೆ ತೆರೆಯುತ್ತದೆ. ಅಲ್ಲಿ ಸುಮ್ನೆ ನೋಡಿ, ಏನನ್ನೂ ಬದಲಾಯಿಸಬೇಡಿ. ಬ್ಯಾಂಡ್ ಕಾಣದೆ ಎಆರ್‌ಎಫ್‌ಸಿಎನ್ ಅಂತ ಆರಂಕಿಯ ಒಂದು ನಂಬರ್ ಮಾತ್ರ ಕಂಡರೂ ಚಿಂತೆ ಇಲ್ಲ. ಅದು 62, 63 ಅಥವಾ 64ರಿಂದ ಶುರುವಾದರೆ ಎನ್78. 15 ಅಥವಾ 16ರಿಂದ ಶುರುವಾದರೆ ಎನ್28. ಫೋನ್ ಹಿಡಿದುಕೊಂಡು ಅಂಗಳದಿಂದ ಅಡುಗೆಮನೆ ತನಕ ನಡೆಯಿರಿ. ಜಿಯೋ ಸಿಮ್ ಇದ್ದರೆ ಎನ್78 ಎಲ್ಲಿ ಕೈಬಿಡುತ್ತದೆ, ಎನ್28 ಎಲ್ಲಿ ಕೈಹಿಡಿಯುತ್ತದೆ ಅಂತ ಗೊತ್ತಾಗುತ್ತದೆ.

ಮಗಳು ಅಮೆರಿಕದಿಂದ ತಂದ ಫೋನ್

ಈ ಪ್ರಶ್ನೆ ಮನೆ ಮನೆಯಲ್ಲೂ ಇದೆ. ಅಲ್ಲಿ ಕಂತಿನಲ್ಲಿ ಕೊಂಡ ಫೋನುಗಳನ್ನು ಕಂಪನಿಯವರು ತಮ್ಮ ಜಾಲಕ್ಕೆ ಲಾಕ್ ಮಾಡಿರುತ್ತಾರೆ. ಬಿಡಿಸದೆ ಇಲ್ಲಿನ ಸಿಮ್ ಕೆಲಸ ಮಾಡುವುದಿಲ್ಲ. ಹೊರಡುವ ಮೊದಲೇ ಅಲ್ಲಿ ಬಿಡಿಸಿಕೊಂಡು ಬರಲಿ. ಐಫೋನ್ 14ರಿಂದ ಈಚೆಗೆ ಅಮೆರಿಕದ ಐಫೋನ್‌ಗಳಲ್ಲಿ ಸಿಮ್ ಹಾಕುವ ಕಿಂಡಿಯೇ ಇಲ್ಲ, ಇ-ಸಿಮ್ ಮಾಡಿಸಬೇಕು. ಅಮೆರಿಕದಲ್ಲಿ ಎನ್41, ಎನ್71 ಬಹಳ ಮುಖ್ಯ, ನಮ್ಮ 5ಜಿಗೆ ಅವು ಪ್ರಯೋಜನಕ್ಕಿಲ್ಲ. ಮೂರನೇ ಹಂತದ ಪಟ್ಟಿ ಇಲ್ಲೂ ಬೇಕು. ಜಿಯೋ ಸಿಮ್ ಹಾಕುವುದಾದರೆ ಇನ್ನೊಂದು ಎಚ್ಚರಿಕೆ. ಜಿಯೋಗೆ 2ಜಿ, 3ಜಿ ಇಲ್ಲ. ಆ ಫೋನಿನಲ್ಲಿ ವೋಲ್ಟಿ, ಅಂದರೆ 4ಜಿ ಮೇಲೆಯೇ ಕರೆ ಮಾಡುವ ಸೌಲಭ್ಯ, ಓಡದಿದ್ದರೆ ಇಂಟರ್ನೆಟ್ ಬಂದರೂ ಮಾಮೂಲಿ ಕರೆ ಮಾಡುವುದು ಕಷ್ಟ.

ಚಿಕ್ಕಪ್ಪನ ಫೋನ್ ಏನಾಯಿತು ಅಂದಿರಾ? ಬ್ಯಾಂಡ್ ಅನ್ನುವುದು ಫೋನಿನೊಳಗಿನ ರೇಡಿಯೋ ಭಾಗಗಳಿಗೆ ಸೇರಿದ್ದು, ಆ ಭಾಗವೇ ಇಲ್ಲದಿದ್ದರೆ ರಿಪೇರಿಯವನೂ ಏನೂ ಮಾಡಲಾರ. ಆದರೆ ಅವರ ಮಗ ಓದುತ್ತಿರುವುದು ಬೆಂಗಳೂರಿನಲ್ಲಿ. ಅವನ ಹಾಸ್ಟೆಲ್ ಸುತ್ತ ಎನ್78 ಧಾರಾಳ. ದೀಪಾವಳಿಗೆ ಬಂದಾಗ ಅಪ್ಪ ಮಗ ಫೋನ್ ಅದಲು ಬದಲು ಮಾಡಿಕೊಂಡರು. ಈಗ ಜಗಲಿ ಮೇಲೆ 5ಜಿ ಬರುತ್ತದೆ. ಚಿಕ್ಕಪ್ಪನಿಗೆ ಇನ್ನೂ ಒಂದು ಬೇಜಾರಿದೆ: "ಕ್ಯಾಮೆರಾ ಅದ್ರದ್ದೇ ಚೆನ್ನಾಗಿತ್ತು."