ಹನ್ನೆರಡು ಜಿಬಿ ಕೈಯಲ್ಲಿಟ್ಟುಕೊಂಡು ಐನೂರು ಜಿಬಿ ಬಿಡಿಸಿಕೊಂಡದ್ದು: ನನ್ನ ಅನುಭವ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ನಾನು ಲಿನಕ್ಸ್ ಮತ್ತು ನೆಟ್‌ವರ್ಕಿಂಗ್ ಕಲಿಸುತ್ತೇನೆ. ಕೋಣೆಯ ಮೂಲೆಯಲ್ಲಿರುವ ಒಂದೇ ಕಂಪ್ಯೂಟರಿನ ಮೇಲೆ ಹದಿನಾಲ್ಕು ವರ್ಚುವಲ್ ಮಷೀನುಗಳು (ಒಂದೇ ಕಂಪ್ಯೂಟರಿನೊಳಗೆ ಬೇರೆ ಬೇರೆ ಕಂಪ್ಯೂಟರುಗಳಂತೆ ನಡೆಯುವಂಥವು) ಓಡುತ್ತವೆ: ವಿದ್ಯಾರ್ಥಿಗಳ ಒಂಬತ್ತು ಉಬುಂಟು ಸರ್ವರುಗಳು, ಎರಡು ವಿಂಡೋಸ್ 10, ನನ್ನ ಸ್ವಂತ ಪ್ರಯೋಗದವು ಎರಡು, ಮತ್ತು ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರ ಒಂದು ವಿಂಡೋಸ್ 7. ಈ ಕೊನೆಯದಕ್ಕೆ 2020ರ ಜನವರಿಯಲ್ಲೇ ಮೈಕ್ರೋಸಾಫ್ಟಿನ ಬೆಂಬಲ ನಿಂತುಹೋಗಿದೆ, ಆದರೆ ಅವರ ಹಳೆಯ ಲೆಕ್ಕದ ಸಾಫ್ಟ್‌ವೇರ್ ಬೇರೆಲ್ಲೂ ಏಳುವುದಿಲ್ಲವಾದ್ದರಿಂದ ಅದನ್ನು ವಿಪಿಎನ್ ಹಿಂದೆ ಕೂಡಿಹಾಕಿ ಕಾಪಾಡುತ್ತಿದ್ದೇನೆ. ಅದಕ್ಕೆ ಅವರು ತಿಂಗಳಿಗೆ 1,500 ರೂಪಾಯಿ ಕೊಡುತ್ತಾರೆ.

ಇಷ್ಟೆಲ್ಲ ಇರುವುದು 1 ಟಿಬಿಯ ಒಂದೇ ಎನ್‌ವಿಎಂಇ ಡಿಸ್ಕಿನ ಮೇಲೆ. ಪ್ರತಿ ವರ್ಚುವಲ್ ಮಷೀನಿನ ಡಿಸ್ಕ್ ಎಂದರೆ ಇಲ್ಲಿ ಒಂದು ದೊಡ್ಡ ಫೈಲು. ಈ ಡಿಸ್ಕ್ ಫೈಲುಗಳಿಗೆಂದೇ ಮಾಡಿದ ಪಾರ್ಟಿಷನ್ ಸುಮಾರು 870 ಜಿಬಿ, ಅದರಲ್ಲಿ ತುಂಬಿದ್ದು 815ರ ಆಸುಪಾಸು, ಬಳಸಲು ಸಿಗುತ್ತಿದ್ದದ್ದು ಹನ್ನೆರಡು (ಉಳಿದದ್ದು ಕಾದಿರಿಸಿದ ಜಾಗ, ಅದರ ಮಾತು ಕೊನೆಯಲ್ಲಿ). ಕೊಪ್ಪೀಕರ್ ರಸ್ತೆಯಲ್ಲಿ ಅಂಗಡಿ ಇಟ್ಟಿರುವ ಗೆಳೆಯರಿಗೆ ಫೋನ್ ಮಾಡಿದರೆ, "ಅಲ್ರೀ, ಜಾಗಾನ ಇಲ್ದ ಜಾಗಾ ಹೆಂಗ ಮಾಡ್ತೀರಿ? ಸುಮ್ನ ಎರಡು ಟಿಬಿದು ಹಾಕ್ರಿ" ಎಂದರು. ಡಿಸ್ಕಿಗೆ ಆಗ ಹನ್ನೆರಡು-ಹದಿಮೂರು ಸಾವಿರ. ನನ್ನ ಬೋರ್ಡಿನಲ್ಲಿ ಇಂಥ ಡಿಸ್ಕ್ ಕೂರಿಸುವ ಎಂ.2 ಸ್ಲಾಟ್ ಒಂದೇ ಇರುವುದರಿಂದ ಹಳೆಯದನ್ನು ಹೊರಗಿಟ್ಟು ನಕಲಿಸಲು ಒಂದು ಕೇಸು, ಅದಕ್ಕೆ ಇನ್ನೂ ಒಂದೂವರೆ ಸಾವಿರ. ಒಂದು ಬ್ಯಾಚಿನ ಇಬ್ಬರು ವಿದ್ಯಾರ್ಥಿಗಳ ಫೀ ಅಲ್ಲಿಗೆ ಹೋಗುತ್ತಿತ್ತು. ಒಳಗೆ ಹೋಗಿ ನೋಡಿದರೆ ಗೆಸ್ಟುಗಳು, ಅಂದರೆ ಈ ವರ್ಚುವಲ್ ಮಷೀನುಗಳು, ನಿಜವಾಗಿ ಬಳಸುತ್ತಿದ್ದದ್ದು ಎಲ್ಲ ಸೇರಿ ಅರ್ಧಕ್ಕಿಂತ ಕಡಿಮೆ. ಜೋಳ ಖಾಲಿಯಾದ ಮೇಲೂ ಚೀಲಗಳನ್ನು ಮಡಿಚದೆ ಉಬ್ಬಿಸಿಯೇ ನಿಲ್ಲಿಸಿದಂತಿತ್ತು. ಚೀಲ ಮಡಿಚುವುದಕ್ಕೆ ಹೊಸ ಕೋಣೆ ಯಾಕೆ ಕಟ್ಟಿಸಬೇಕು ಎಂಬ ಹಟ ನನ್ನದು.

ಮೊದಲು ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ, ಏಕೆಂದರೆ ದುಡ್ಡು ಮತ್ತು ನಿದ್ದೆ ಹೋದದ್ದು ಅಲ್ಲಿಯೇ. ಆರಂಭದಲ್ಲಿ ನನ್ನ ಬಳಿ 22 ಜಿಬಿ ಉಳಿದಿತ್ತು. ಎಲ್ಲರೂ ಮಾಡುವಂತೆ ಒಂದು ಉಬುಂಟು ಗೆಸ್ಟಿನೊಳಗೆ ಡಿಡಿ ಆದೇಶದಿಂದ ಸೊನ್ನೆಗಳ ಫೈಲು ತುಂಬಿಸಿ, ಆಮೇಲೆ ಅಳಿಸಿ, ಕ್ಯೂಕೌ2 ಫೈಲನ್ನು (ಬರೆದಂತೆಲ್ಲ ಬೆಳೆಯುವ ಡಿಸ್ಕ್ ಫೈಲು) ಕನ್ವರ್ಟ್ ಮಾಡೋಣ, ಅಂದರೆ ಸೊನ್ನೆಗಳನ್ನು ಬಿಟ್ಟು ಚಿಕ್ಕದಾಗಿ ನಕಲಿಸೋಣವೆಂದು ಹೊರಟೆ. ಆ ಗೆಸ್ಟಿನ ಡಿಸ್ಕಿನ ಘೋಷಿತ ಗಾತ್ರ 100 ಜಿಬಿ, ಫೈಲು ಬೆಳೆದಿದ್ದು 35 ಮಾತ್ರ ಎಂಬುದು ನನಗೆ ಗೊತ್ತಿತ್ತು. ಸೊನ್ನೆಯೂ ಒಂದು ಬರಹವೇ, ಅದು ಫೈಲನ್ನು ಮೊದಲು ಉಬ್ಬಿಸಿಯೇ ತೀರುತ್ತದೆ ಎಂಬುದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ಆ ರಾತ್ರಿ ಬರಲಿಲ್ಲ. ಚಹಾ ಕುಡಿದು ಬರುವಷ್ಟರಲ್ಲಿ ಹೋಸ್ಟಿನ (ಇವೆಲ್ಲ ಓಡುವ ಅಸಲಿ ಕಂಪ್ಯೂಟರಿನ) 22 ಜಿಬಿ ಮುಗಿದು, ಬರೆಯಲು ಹೋದ ಮಷೀನುಗಳೆಲ್ಲ ಒಂದೊಂದಾಗಿ ಪಾಜ್ ಆಗಿ ನಿಂತಿದ್ದವು. ಬೆಳಿಗ್ಗೆ ಎಂಟಕ್ಕೆ ಬ್ಯಾಡಗಿಯಿಂದ ಕರೆ ಬಂತು: ಲೆಕ್ಕದ ಪರದೆ ಕಲ್ಲಾಗಿದೆ, ಅಂಗಳದಲ್ಲಿ ಚೀಲ ಇಳಿಯುತ್ತಿವೆ. ಹಳೆಯ ಐಎಸ್‌ಒ ಫೈಲುಗಳನ್ನು ಅಳಿಸಿ ಹನ್ನೆರಡು ಜಿಬಿ ಮಾಡಿಕೊಂಡು, ಮಷೀನುಗಳನ್ನು ನಿಯಂತ್ರಿಸುವ ವಿರ್ಶ್‌ನಿಂದ ರೆಸ್ಯೂಮ್ ಕೊಟ್ಟೆ. ಮಷೀನುಗಳನ್ನು ಓಡಿಸುವ ತಂತ್ರಾಂಶವಾದ ಕೆಮು, ಜಾಗ ಮುಗಿದಾಗ ಗೆಸ್ಟಿಗೆ ದೋಷ ತೋರಿಸದೆ ಅದನ್ನು ಹಿಡಿದು ನಿಲ್ಲಿಸುತ್ತದೆಯಾದ್ದರಿಂದ ವಿಂಡೋಸ್ ನಿಂತಲ್ಲಿಂದಲೇ ಮುಂದುವರಿಯಿತು, ಒಂದು ನಮೂದೂ ಕಳೆಯಲಿಲ್ಲ. ಆದರೂ ಆ ತಿಂಗಳು ನಾನು ಅರ್ಧ ದುಡ್ಡು ಮಾತ್ರ ತೆಗೆದುಕೊಂಡೆ.

ಎರಡನೆಯ ತಪ್ಪು ಇದಕ್ಕಿಂತ ಕೆಟ್ಟದ್ದು. ಪಟ್ಟಿಯಲ್ಲಿ ಎಂಟು ತಿಂಗಳು ಹಳೆಯ ದಿನಾಂಕದ 28 ಜಿಬಿಯ ಒಂದು ಫೈಲು ಕಂಡಿತು. ಯಾವುದೋ ಬಿಟ್ಟ ಮಷೀನಿನದೆಂದು ಅಳಿಸಿದೆ. ಉಳಿದ ಜಾಗ ಹೇಳುವ ಡಿಎಫ್ ತೋರಿಸುವ ಸಂಖ್ಯೆ ಅಲುಗಾಡಲಿಲ್ಲ. ಅಲ್ಲಿಯೇ ಕೈ ತಡೆಯಬೇಕಿತ್ತು. ಅದು ಓಡುತ್ತಿದ್ದ ಒಂದು ಮಷೀನಿನ ಬ್ಯಾಕಿಂಗ್ ಫೈಲಾಗಿತ್ತು (ಹೊಸ ಬರಹಗಳು ಬೇರೆ ಫೈಲಿಗೆ ಹೋಗುವಾಗ ಕೆಳಗೆ ಅಡಿಪಾಯವಾಗಿ ಉಳಿಯುವ ಹಳೆಯ ಫೈಲು), ಕೆಮು ಅದನ್ನು ಇನ್ನೂ ತೆರೆದು ಹಿಡಿದಿತ್ತು, ತೆರೆದ ಫೈಲುಗಳನ್ನು ತೋರಿಸುವ ಪ್ರೊಕ್ ಒಳಗಿನ ಎಫ್‌ಡಿ ಹಾದಿಯಿಂದ ಅದನ್ನು ಆಗಲೇ ನಕಲಿಸಿ ಉಳಿಸಿಕೊಳ್ಳಬಹುದಿತ್ತು. ನಾನೋ ಜಾಗ ಬಿಡಲೆಂದು ಮಷೀನುಗಳನ್ನು ಒಂದೊಂದಾಗಿ ಶಟ್‌ಡೌನ್ ಮಾಡುತ್ತ ಹೋದೆ. ಜಾಗ ಬಂತು, ಆ ಮಷೀನು ಮತ್ತೆ ಏಳಲಿಲ್ಲ. ಇಬ್ಬರು ವಿದ್ಯಾರ್ಥಿಗಳು ಮೂರು ವಾರ ಕೂತು ಕಟ್ಟಿದ್ದ ಮೇಲ್ ಸರ್ವರ್ ಅದರಲ್ಲಿತ್ತು. ಎರಡು ಭಾನುವಾರ ಅವರ ಜೊತೆ ಕುಳಿತು ಮತ್ತೆ ಕಟ್ಟಿಕೊಟ್ಟೆ. ಈಗ ಅಳಿಸುವ ಮುನ್ನ ಪ್ರತಿ ಫೈಲಿನ ಬ್ಯಾಕಿಂಗ್ ಸರಪಳಿ ನೋಡದೆ ಎಂಟರ್ ಒತ್ತುವುದಿಲ್ಲ.

ಮೂರನೆಯದು ತಪ್ಪಲ್ಲ, ಗೊಂದಲ. ಮಷೀನಿನ ಸೆಟ್ಟಿಂಗ್ ಫೈಲಿನ ಡ್ರೈವರ್ ಸಾಲಿಗೆ ಡಿಸ್ಕಾರ್ಡ್ ಅನ್‌ಮ್ಯಾಪ್ (ಗೆಸ್ಟ್ ಬಿಟ್ಟ ಜಾಗವನ್ನು ಹೋಸ್ಟಿಗೆ ಮರಳಿಸುವ ಆಯ್ಕೆ) ಸೇರಿಸಿ, ಗೆಸ್ಟಿನಲ್ಲಿ ಖಾಲಿ ಜಾಗವನ್ನು ಬಿಟ್ಟುಕೊಡುವ ಎಫ್‌ಎಸ್‌ಟ್ರಿಮ್ ಓಡಿಸಿದೆ. ಸುಮಾರು 41 ಜಿಬಿ ಟ್ರಿಮ್ ಆಯಿತು ಎಂದು ಅದು ಹೇಳಿತು. ಹೋಸ್ಟಿನಲ್ಲಿ ಒಂದು ಜಿಬಿಯೂ ಬರಲಿಲ್ಲ. ಒಂದು ಸಂಜೆ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಆ ಕ್ಯೂಕೌ2 ಒಳಗೇ ನಾಲ್ಕು ಸ್ನ್ಯಾಪ್‌ಶಾಟುಗಳಿದ್ದವು (ಮಷೀನಿನ ಹಿಂದಿನ ಸ್ಥಿತಿಯ ಉಳಿಕೆಗಳು), ಗೆಸ್ಟ್ ಬಿಟ್ಟುಕೊಟ್ಟ ಕ್ಲಸ್ಟರುಗಳನ್ನೆಲ್ಲ (ಡಿಸ್ಕಿನ ತುಂಡುಗಳನ್ನೆಲ್ಲ) ಅವು ಹಿಡಿದುಕೊಂಡಿದ್ದವು. ಓಡುತ್ತಿರುವಾಗ ತೆಗೆದ ಸ್ನ್ಯಾಪ್‌ಶಾಟಿನಲ್ಲಿ ರ‍್ಯಾಮಿನ ನಕಲೂ ಇರುವುದರಿಂದ ಅದೊಂದು ಬೇರೆ ಭಾರ. ಆದ್ದರಿಂದ ನನ್ನ ಕ್ರಮದಲ್ಲಿ ಮೊದಲ ಕೆಲಸ ಸ್ನ್ಯಾಪ್‌ಶಾಟುಗಳದ್ದು. ಒಳಗಿನವನ್ನು ಮಷೀನು ನಿಲ್ಲಿಸಿ ಅಳಿಸಿದೆ; ಹೊರಗಿನ ಓವರ್‌ಲೇಗಳನ್ನು (ಮೂಲದ ಮೇಲಿನ ಬದಲಾವಣೆಗಳಷ್ಟೇ ಇರುವ ಫೈಲುಗಳನ್ನು) ಬ್ಲಾಕ್‌ಕಮಿಟ್ ಮಾಡಿ ಮೂಲಕ್ಕೆ ಸೇರಿಸಿದೆ. ಸೇರಿಸುವಾಗ ಮೂಲ ಫೈಲು ಮೊದಲು ಬೆಳೆಯುತ್ತದೆ, ಓವರ್‌ಲೇ ಆಮೇಲೆ ಹೋಗುತ್ತದೆ; ಹನ್ನೆರಡು ಜಿಬಿ ಇಟ್ಟುಕೊಂಡವನು ಅತಿ ಚಿಕ್ಕದರಿಂದ ಶುರು ಮಾಡಬೇಕು. ನನ್ನಲ್ಲಿ ಚಿಕ್ಕದು 4 ಜಿಬಿ, ದೊಡ್ಡದು 37. ಹೀಗೆ ಏಣಿ ಹತ್ತಿದಂತೆ ಹತ್ತಿ ಮುಗಿಸುವಾಗ 140ರಷ್ಟು ಬಂದಿತ್ತು.

ಇದಾದ ಮೇಲೂ ವಿಂಡೋಸ್ 7ರ ಗಂಟು ಹಾಗೆಯೇ ಇತ್ತು. ಅದರ ಡಿಸ್ಕಿನ ಘೋಷಿತ ಗಾತ್ರ 120, ಫೈಲು 94, ಒಳಗೆ ನಿಜವಾಗಿ ಇರುವುದು 31. ವಿಂಡೋಸ್ 8ರಿಂದ ಈಚಿನವು ಅನ್‌ಮ್ಯಾಪ್ ಕಳಿಸುತ್ತವೆ, ಏಳಕ್ಕೆ ಆ ಭಾಷೆಯೇ ಬಾರದು. ಉಳಿದ ದಾರಿ ಎಸ್‌ಡಿಲೀಟ್ ಎಂಬ ಮೈಕ್ರೋಸಾಫ್ಟಿನ ಸಾಧನದಿಂದ ಖಾಲಿ ಜಾಗಕ್ಕೆ ಸೊನ್ನೆ ತುಂಬುವುದು, ಆಮೇಲೆ ಮಷೀನು ನಿಲ್ಲಿಸಿ ಕನ್ವರ್ಟ್ ಮಾಡುವುದು. ಈಗ ಜಾಗವಿತ್ತು, ಹಾಗೆ ಮಾಡಬಹುದಿತ್ತು. ಆದರೆ ಕನ್ವರ್ಟ್ ಮುಗಿಯುವವರೆಗೆ ವರ್ತಕರ ಕೆಲಸ ನಿಲ್ಲುತ್ತಿತ್ತು, ಮೊದಲ ರಾತ್ರಿಯ ಪೆಟ್ಟೂ ಇನ್ನೂ ನೋಯುತ್ತಿತ್ತು.

ಇಲ್ಲಿ ನಾನು ಮಾಡಿದ್ದು ಡಿಟೆಕ್ಟ್-ಝೀರೋಸ್ ಎಂಬ ಆಯ್ಕೆಯನ್ನು ಅದೇ ಡ್ರೈವರ್ ಸಾಲಿನಲ್ಲಿ ಅನ್‌ಮ್ಯಾಪ್‌ಗೆ ಇಟ್ಟದ್ದು. ಆಗ ಗೆಸ್ಟ್ ಬರೆಯುವ ಪ್ರತಿ ತುಂಡನ್ನು ಕೆಮು ನೋಡುತ್ತದೆ; ಅದು ಪೂರ್ತಿ ಸೊನ್ನೆಯಾಗಿದ್ದರೆ ಬರೆಯುವ ಬದಲು ಆ ಜಾಗವನ್ನು ಹೋಸ್ಟಿಗೆ ಬಿಟ್ಟುಕೊಡುತ್ತದೆ. ಗೆಸ್ಟಿಗೆ ಟ್ರಿಮ್ ಗೊತ್ತಿರಬೇಕಿಲ್ಲ, ಡಿಸ್ಕಿನ ಜೋಡಣೆಯ ಬಗೆ ಐಡಿಇ ಇರಲಿ ವರ್ಟ್‌ಐಒ ಇರಲಿ ನಡೆಯುತ್ತದೆ. ಸೊನ್ನೆ ತುಂಬಿದರೆ ಫೈಲು ಉಬ್ಬಲೇಬೇಕು ಎಂದು ಗೆಳೆಯರು ವಾದ ಮಾಡಿದ್ದರು, ನನಗೂ ಪೂರ್ತಿ ಧೈರ್ಯವಿರಲಿಲ್ಲ. ಆದ್ದರಿಂದ ಬಿಸಾಡಬಹುದಾದ 20 ಜಿಬಿಯ ಒಂದು ಮಷೀನಿನ ಮೇಲೆ ಮೊದಲು ಪರೀಕ್ಷಿಸಿದೆ. ಏನೂ ಆಗಲಿಲ್ಲ, ಫೈಲು ಮೊದಲಿನಂತೆಯೇ ಉಬ್ಬಿತು. ಒಂದು ರಾತ್ರಿ ಹೋಯಿತು. ಕಾರಣ ಸಣ್ಣದು: ಗೆಸ್ಟಿನೊಳಗಿಂದ ರೀಸ್ಟಾರ್ಟ್ ಮಾಡಿದ್ದೆ. ಆಗ ಕೆಮು ಪ್ರಕ್ರಿಯೆ ಹಳೆಯದೇ ಮುಂದುವರಿಯುತ್ತದೆ, ಹೊಸ ಸಾಲನ್ನು ಓದುವುದಿಲ್ಲ. ಪೂರ್ತಿ ಶಟ್‌ಡೌನ್ ಮಾಡಿ ಹೊರಗಿನಿಂದ ಸ್ಟಾರ್ಟ್ ಮಾಡಿದ ಮೇಲೆ ಕೆಲಸ ಮಾಡಿತು.

ಶನಿವಾರ ರಾತ್ರಿ ವಿಂಡೋಸ್ 7ರ ಸರದಿ. ಮೊದಲು ಹಳೆಯ ರಿಸ್ಟೋರ್ ಪಾಯಿಂಟುಗಳನ್ನು, ಅಪ್‌ಡೇಟಿನ ಉಳಿಕೆಗಳನ್ನು ತೆಗೆದೆ, ಒಂಬತ್ತು ಜಿಬಿ ಅಲ್ಲಿಯೇ ಇತ್ತು. ಆಮೇಲೆ ಎಸ್‌ಡಿಲೀಟ್‌ಗೆ ಜೆಡ್ ಆಯ್ಕೆ ಕೊಟ್ಟೆ. ಸಿ ಕೊಟ್ಟರೆ ಅದು ಸೊನ್ನೆಯಲ್ಲದ್ದನ್ನೂ ಬರೆದು ಅಳಿಸುತ್ತದೆ, ಫೈಲು ನಿಜವಾಗಿಯೇ ಉಬ್ಬುತ್ತದೆ. ಹಳೆಯ ಆವೃತ್ತಿಗಳಲ್ಲಿ ಈ ಎರಡು ಅಕ್ಷರಗಳ ಅರ್ಥ ಅದಲುಬದಲಾಗಿತ್ತು, ಆದ್ದರಿಂದ ಸಹಾಯ ಪಠ್ಯ ಓದಿಯೇ ಒತ್ತಬೇಕು. ಪಕ್ಕದ ಕಿಟಕಿಯಲ್ಲಿ ಎರಡು ಸೆಕೆಂಡಿಗೊಮ್ಮೆ ಡಿಯು (ಫೈಲು ನಿಜವಾಗಿ ಹಿಡಿದ ಜಾಗ ಹೇಳುವ ಆದೇಶ) ಓಡುವಂತೆ ಇಟ್ಟುಕೊಂಡು ಕುಳಿತೆ. ಒಂದು ಕೈ ಕಂಟ್ರೋಲ್-ಸಿ ಮೇಲೆಯೇ ಇತ್ತು. ಶೇಕಡಾ 1, 2, 3: ಸಂಖ್ಯೆ 94ರಲ್ಲೇ ನಿಂತಿತ್ತು. ಐದು ದಾಟಿದಾಗ 93 ಆಯಿತು, ಆಮೇಲೆ 91, 88. ಒಮ್ಮೆಯೂ ಮೇಲಕ್ಕೆ ಹೋಗಲಿಲ್ಲ. ಮುಕ್ಕಾಲು ಗಂಟೆಯೋ ಏನೋ ಹಿಡಿದಿರಬೇಕು. ಕೊನೆಗೆ ನಿಂತದ್ದು 34ರ ಹತ್ತಿರ. ಆ ಹೊತ್ತಿನಲ್ಲೂ ವರ್ತಕರ ಮಗ ರಿಮೋಟಿನಿಂದ ಒಳಗೆ ಬಂದು ಯಾವುದೋ ಬಿಲ್ಲು ನೋಡಿಕೊಂಡು ಹೋದ, ಅವನಿಗೆ ಏನೂ ಗೊತ್ತಾಗಲಿಲ್ಲ. ಪ್ರತಿ ಬರಹವನ್ನೂ ತಪಾಸಣೆ ಮಾಡುವುದರಿಂದ ಸ್ವಲ್ಪ ಸಿಪಿಯು ತಿನ್ನುತ್ತದೆ, ಹೀಗಾಗಿ ಕೆಲಸ ಮುಗಿದ ಮೇಲೆ ಆ ಆಯ್ಕೆಯನ್ನು ತೆಗೆದುಹಾಕಿದೆ.

ಮರುದಿನ ಗೆಳೆಯರು ಬಂದು, ಫೈಲಿನ ಉದ್ದ ತೋರಿಸುವ ಎಲ್‌ಎಸ್ ಹೊಡೆದು ನೋಡಿ, "94 ಹಂಗ ಐತಲ್ಲ" ಎಂದು ನಕ್ಕರು. ಫೈಲಿನ ಉದ್ದ ಹಾಗೆಯೇ ಇರುತ್ತದೆ, ನಡುವೆ ತೂತುಗಳು ಬಿದ್ದಿರುತ್ತವೆ. ಡಿಯು ತೋರಿಸಿದ ಮೇಲೆ ಅವರು ಕುರ್ಚಿ ಎಳೆದುಕೊಂಡು ಕುಳಿತರು. ಒಂದು ಎಚ್ಚರಿಕೆಯನ್ನು ಅವರಿಗೂ ಹೇಳಿದೆ: ಇಂಥ ಫೈಲನ್ನು ಎಕ್ಸ್‌ಫ್ಯಾಟ್ (ತೂತುಗಳನ್ನು ಅರಿಯದ ಫೈಲ್ ವ್ಯವಸ್ಥೆ) ಮಾಡಿದ ಪೋರ್ಟಬಲ್ ಡಿಸ್ಕಿಗೆ ನೇರವಾಗಿ ನಕಲಿಸಿದರೆ ತೂತುಗಳೆಲ್ಲ ತುಂಬಿ ಮತ್ತೆ 94 ಆಗುತ್ತದೆ. ಬ್ಯಾಕಪ್‌ಗೆ ನಾನು ಕನ್ವರ್ಟ್ ಅನ್ನೇ ಬಳಸುತ್ತೇನೆ, ಸಂಕೋಚನದೊಂದಿಗೆ. ಓಡುವ ಮಷೀನಿಗೆ ಸಂಕೋಚನ ಬೇಡ. ಒಮ್ಮೆ ಲ್ಯಾಬಿಗೆ ಹಾಕಿ ನೋಡಿದ್ದೆ, ಮಕ್ಕಳು ಲಾಗಿನ್ ಆಗಲು ಕಾದು ಕಾದು ಆಕಳಿಸಿದರು, ಹೊಸ ಬರಹಗಳು ಹೇಗೂ ಸಂಕೋಚನವಿಲ್ಲದೆ ಬಿದ್ದು ಉಳಿತಾಯ ಕರಗುತ್ತ ಹೋಯಿತು.

ವಿಂಡೋಸ್ 10 ಎರಡೂ ಸುಲಭ. ಡಿಸ್ಕಿನ ಜೋಡಣೆಯನ್ನು ವರ್ಟ್‌ಐಒ-ಸ್ಕಸಿಗೆ ಬದಲಿಸಿದ ಮೇಲೆ ಡಿಸ್ಕನ್ನು ವಿಂಡೋಸ್ ಥಿನ್ ಪ್ರಾವಿಷನ್ಡ್ (ಬೇಕಾದಷ್ಟೇ ಜಾಗ ಹಿಡಿಯುವಂಥದ್ದು) ಎಂದು ಗುರುತಿಸಿತು, ಆಪ್ಟಿಮೈಸ್ ಒತ್ತಿದರೆ ಸಾಕಾಯಿತು. ಎರಡೂ ಸೇರಿ 130 ಇದ್ದದ್ದು 75ಕ್ಕೆ ಇಳಿಯಿತು.

ದೊಡ್ಡ ಗಂಟು ಇದ್ದದ್ದು ಲ್ಯಾಬಿನಲ್ಲಿ. ಒಂಬತ್ತೂ ಬೇರೆ ಬೇರೆ ಬ್ಯಾಚಿನಲ್ಲಿ ಕೈಯಾರೆ ಇನ್‌ಸ್ಟಾಲ್ ಮಾಡಿದವು, ಒಟ್ಟು 290 ಜಿಬಿ. ಅವನ್ನು ಹಾಗೆಯೇ ಇಟ್ಟು ಸಮಾನ ತುಂಡುಗಳನ್ನು ಹಂಚಿಕೊಳ್ಳುವಂತೆ ಮಾಡಬಹುದೇ ಎಂದು ಒಂದು ಅಡ್ಡ ಪ್ರಯೋಗಕ್ಕೂ ಇಳಿದೆ. ಮನೆಯಲ್ಲಿದ್ದ 500 ಜಿಬಿಯ ಹಳೆಯ ಡಿಸ್ಕಿಗೆ ಎಕ್ಸ್‌ಎಫ್‌ಎಸ್ ಫೈಲ್ ವ್ಯವಸ್ಥೆ ಹಾಕಿ, ನಕಲಿಸಿ, ಸಮಾನ ತುಂಡುಗಳನ್ನು ಹುಡುಕಿ ಸೇರಿಸುವ ಡುಪೆರಿಮೂವ್ ಓಡಿಸಿದೆ. ರಾತ್ರಿಯೆಲ್ಲ ಗರಗರ ಸದ್ದು ಮಾಡಿ ಬೆಳಿಗ್ಗೆ ಅದು ಉಳಿಸಿಕೊಟ್ಟದ್ದು 20-25 ಜಿಬಿ. ಒಂದೇ ಉಬುಂಟು ಆದರೂ ಒಂದೊಂದರಲ್ಲಿ ಫೈಲುಗಳು ಒಂದೊಂದು ಜಾಗದಲ್ಲಿ ಬಿದ್ದಿರುತ್ತವೆ, ದೊಡ್ಡ ತುಂಡುಗಳು ತಾಳೆಯಾಗುವುದೇ ಕಡಿಮೆ. ಗುಡ್ಡ ಅಗೆದು ಇಲಿ ಹಿಡಿದದ್ದಾಯಿತು.

ಕೊನೆಗೆ 7 ಜಿಬಿಯ ಒಂದು ಬೇಸ್ ಇಮೇಜ್ ಮಾಡಿ, ಅದನ್ನು ಬರೆಯಲಾಗದಂತೆ ಬೀಗ ಹಾಕಿ, ಒಂಬತ್ತು ಓವರ್‌ಲೇಗಳನ್ನು ಅದರ ಮೇಲೆ ಕೂರಿಸಿದೆ. ವಿದ್ಯಾರ್ಥಿಗಳ ಹೋಮ್ ಫೋಲ್ಡರುಗಳನ್ನು ಆರ್‌ಸಿಂಕ್‌ನಿಂದ ತಂದೆ. ಮೊದಲ ದಿನ ಒಂಬತ್ತನ್ನೂ ಹಚ್ಚಿದಾಗ ಎಲ್ಲವೂ ಒಂದೇ ಐಪಿ ವಿಳಾಸಕ್ಕೆ ಕಿತ್ತಾಡಿದವು. ಮ್ಯಾಕ್ ವಿಳಾಸ ಬೇರೆಯಾಗಿದ್ದರೂ ಉಬುಂಟು ಸರ್ವರ್ ಡಿಎಚ್‌ಸಿಪಿಗೆ (ಐಪಿ ವಿಳಾಸ ಹಂಚುವ ವ್ಯವಸ್ಥೆಗೆ) ಮಷೀನ್-ಐಡಿ ಎಂಬ ಫೈಲಿನಿಂದ ಹುಟ್ಟಿಸಿದ ಗುರುತನ್ನು ಕೊಡುತ್ತದೆ, ಅದು ಬೇಸ್‌ನಿಂದ ಒಂಬತ್ತಕ್ಕೂ ಒಂದೇ ಬಂದಿತ್ತು. ಬೇಸ್‌ನಲ್ಲಿ ಆ ಫೈಲನ್ನು ಖಾಲಿ ಮಾಡಿ, ಎಸ್‌ಎಸ್‌ಎಚ್ ಕೀಗಳನ್ನು ತೆಗೆದು, ಓವರ್‌ಲೇಗಳನ್ನು ಮೊದಲಿಂದ ಮಾಡಿದೆ. ಆಗ ಎಲ್ಲ ಸೇರಿ 35 ಜಿಬಿ ಆಯಿತು. ಬೇಸ್ ಹಳೆಯದಾದಾಗ ಒಂಬತ್ತನ್ನೂ ಕೆಡಿಸದೆ ಹೊಸ ಬೇಸ್‌ಗೆ ಒಂದೇ ರಾತ್ರಿಯಲ್ಲಿ ದಾಟಿಸುವ ಸ್ಕ್ರಿಪ್ಟ್ ಒಂದಿದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ, ಧಾರವಾಡದ ಎರಡು ಲ್ಯಾಬುಗಳಿಗೆ ಅದನ್ನೇ ಮಾಡಿಕೊಟ್ಟು ನಾಲ್ಕು ಕಾಸು ನೋಡಿದ್ದೇನೆ.

ಇನ್ನೊಂದು ಪುಕ್ಕಟೆ ಲಾಭ: ನನ್ನ ಪಾರ್ಟಿಷನ್ನಿನ ಫೈಲ್ ವ್ಯವಸ್ಥೆಯಾದ ಎಕ್ಸ್‌ಟಿ4 ರೂಟಿಗೆಂದು (ಲಿನಕ್ಸಿನ ಮುಖ್ಯ ಬಳಕೆದಾರನಿಗೆಂದು) ಶೇಕಡಾ 5 ಕಾದಿರಿಸುತ್ತದೆ. ಡಿಸ್ಕ್ ಫೈಲುಗಳ ಪಾರ್ಟಿಷನ್ನಿಗೆ ಅಷ್ಟು ಬೇಕಿಲ್ಲ. ಟ್ಯೂನ್2ಎಫ್‌ಎಸ್‌ನಿಂದ ಶೇಕಡಾ 1ಕ್ಕೆ ಇಳಿಸಿದ ಕೂಡಲೇ 35 ಜಿಬಿ ಬಂತು. ಇದನ್ನು ಮೊದಲೇ ಮಾಡಿದ್ದರೆ ಆ ಹನ್ನೆರಡರ ಇಕ್ಕಟ್ಟೇ ಇರುತ್ತಿರಲಿಲ್ಲ ಎಂದು ಗೆಳೆಯರು ಈಗಲೂ ಚುಚ್ಚುತ್ತಾರೆ.

815 ಇದ್ದ ಬಳಕೆ 305ರ ಹತ್ತಿರಕ್ಕೆ ಇಳಿಯಿತು. ಖರ್ಚು ಬ್ಯಾಕಪ್‌ಗೆ ಕೊಂಡ ಪೋರ್ಟಬಲ್ ಡಿಸ್ಕಿನ ನಾಲ್ಕೂವರೆ ಸಾವಿರ, ಬ್ಯಾಡಗಿಯಲ್ಲಿ ಬಿಟ್ಟ 750, ಮತ್ತು ಎರಡು ಭಾನುವಾರ. ಆರು ತಿಂಗಳಲ್ಲಿ ಒಂದೊಂದು ಓವರ್‌ಲೇ ಅಪ್‌ಡೇಟುಗಳಿಂದಾಗಿ 3ರಿಂದ 6-7 ಜಿಬಿಗೆ ಬೆಳೆದಿದೆ. ವಿಂಡೋಸ್ 7ರದು 38 ಆಗಿದೆ. ಮೆಣಸಿನಕಾಯಿಯ ಆವಕ ತಗ್ಗಿದ ಮೇಲೆ ಒಂದು ಶನಿವಾರ ಅದಕ್ಕೆ ಮತ್ತೊಮ್ಮೆ ಸೊನ್ನೆ ತುಂಬಿಸಬೇಕು.